ಪಾತ್ರಕ್ಕೆ ಹೆಣ್ಣುಮಕ್ಕಳು ಬೇಡ ಎನ್ನುವವರಿಗೆ

ಪೀಣ್ಯ ದಾಟಿ ತುಮಕೂರು ರಸ್ತೆ ಹಿಡಿದರೆ ಎರಡೂ ಬದಿಯ ಊರುಗಳಲ್ಲಿ ಇವತ್ತಿಗೂ ಊರಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಸುತ್ತ ಗೋದಾಮು ಎದ್ದವು, ಅಪಾರ್ಟ್‌ಮೆಂಟು ಎದ್ದವು, ಮೆಟ್ರೋ ಬಂತು, ನಾಟಕ ನಿಂತಿಲ್ಲ. ಹಗಲು ಲೇತ್ ಮುಂದೆ ನಿಲ್ಲುವ ಹುಡುಗ ರಾತ್ರಿ ದುರ್ಯೋಧನನಾಗುತ್ತಾನೆ, ಹಾಲಿನ ಡೇರಿಯ ಕಾರ್ಯದರ್ಶಿ ಶಕುನಿಯಾಗುತ್ತಾನೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು ನಡೆಯುತ್ತದೆ. ಪಾತ್ರದ ತೂಕಕ್ಕೆ ತಕ್ಕಂತೆ ಪಾತ್ರಧಾರಿಗಳೇ ದುಡ್ಡು ಹಾಕಿಕೊಳ್ಳುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಬರುತ್ತವೆ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ.

ಈ ಸಲ ನಮ್ಮ ಕಡೆಯ ಹಬ್ಬದ ಸಭೆಯಲ್ಲಿ ಕೆಲವರು ಇದಕ್ಕೆ ಆಕ್ಷೇಪ ಎತ್ತಿದರು. ಹೊರಗಿನ ಹೆಂಗಸರನ್ನು ಕರೆಸಿ ರಾತ್ರಿಯೆಲ್ಲ ಕುಣಿಸುವುದು ಅಶ್ಲೀಲ, ಊರ ಮರ್ಯಾದೆಗೆ ಕಮ್ಮಿ, ನಾಟಕದ ಬದಲು ಭಜನೆ ಇಡಿಸೋಣ ಎಂದರು. ಆಡಲೇಬೇಕೆಂದರೆ ಹಿಂದಿನ ಹಾಗೆ ಗಂಡಸರೇ ಸೀರೆ ಉಡಲಿ ಎಂದೂ ಹೇಳಿದರು. ನಾನು ಒಪ್ಪಲಿಲ್ಲ. ಆಮೇಲೆ ಅವರೂ, ಅವರ ಪರವಾಗಿ ಮಾತಾಡಿದ ಓದಿದವರೂ ನನ್ನ ಮಾತಿಗೆ ಒಂದೊಂದಾಗಿ ಎದುರು ಹೇಳಿದ್ದಾರೆ. ಅವರಲ್ಲಿ ನನಗಿಂತ ಹಿರಿಯರಿದ್ದಾರೆ, ಊರಿಗಾಗಿ ದುಡಿದವರಿದ್ದಾರೆ. ಆದ್ದರಿಂದಲೇ ಅವರು ಎತ್ತಿದ ಯಾವ ಮಾತನ್ನೂ ಬಿಡದೆ ಉತ್ತರ ಕೊಡಬೇಕು ಅನ್ನಿಸಿತು. ಆ ಉತ್ತರಗಳಲ್ಲಿ ಹೆಚ್ಚಿನವು ನೂರು ವರ್ಷದ ಹಿಂದೆ ಇದೇ ಮೈಸೂರು, ಮದರಾಸು ಸೀಮೆಗಳಲ್ಲಿ ನಡೆದುಹೋದ ಸಂಗತಿಗಳಲ್ಲಿವೆ.

‘ಹಿಂದೆ ನಮ್ಮ ರಂಗಭೂಮಿ ಶುದ್ಧವಾಗಿತ್ತು, ಹೆಂಗಸರು ಬಂದ ಮೇಲೆ ಕೆಟ್ಟಿತು’ ಎನ್ನುವುದು ಮೊದಲ ಮಾತು.

ಇದೇ ರಸ್ತೆಯಲ್ಲಿ ತುಮಕೂರನ್ನೂ ದಾಟಿ ಹೋದರೆ ಗುಬ್ಬಿ ಸಿಗುತ್ತದೆ. 1884ರಲ್ಲಿ ಅಲ್ಲಿ ಹುಟ್ಟಿದ ಕಂಪನಿಯೇ ಮುಂದೆ ವೀರಣ್ಣನವರ ಕೈಗೆ ಬಂದು ಕನ್ನಡನಾಡಿನ ಅತಿ ದೊಡ್ಡ ನಾಟಕ ಕಂಪನಿಯಾಯಿತು. ಆ ಕಾಲದ ಕಂಪನಿಗಳಲ್ಲಿ ಮೊದಮೊದಲು ಸ್ತ್ರೀಪಾತ್ರವನ್ನೆಲ್ಲ ಗಂಡಸರೇ ಮಾಡುತ್ತಿದ್ದರು, ನಿಜ. ಹಾಗಂತ ಶೃಂಗಾರಕ್ಕೆ ಕೊರತೆ ಇತ್ತೇ? ಮೀಸೆ ಬೋಳಿಸಿದ ಹುಡುಗ ಸೆರಗು ಹೊದ್ದು, ಕಣ್ಣು ಹೊರಳಿಸಿ, ವಿರಹದ ಪದ ಹಾಡಿದರೆ ಸಭೆ ‘ಒನ್ಸ್ ಮೋರ್’ ಎಂದು ಕೂಗುತ್ತಿತ್ತು. ಅದನ್ನು ಯಾರೂ ಅಶ್ಲೀಲ ಎನ್ನಲಿಲ್ಲ. ಅದೇ ಪದವನ್ನು ಹೆಂಗಸು ಹಾಡಿದರೆ ಮಾತ್ರ ಅಶ್ಲೀಲವಾಗುತ್ತಿತ್ತು. ಹಾಡು, ಹಾವಭಾವ, ನೋಡುವ ಸಭೆ ಎಲ್ಲವೂ ಒಂದೇ ಆಗಿದ್ದಾಗ ಅಶ್ಲೀಲ ಎಂಬುದು ಎಲ್ಲಿಂದ ಬಂತು? ಹೆಣ್ಣು ಎದುರಿಗೆ ಬಂದು ನಿಂತಳು ಎಂಬ ಒಂದೇ ಕಾರಣದಿಂದ.

ಸಿನಿಮಾದ ಕಥೆಯೂ ಇದೇ. 1913ರಲ್ಲಿ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತೆಗೆದಾಗ ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ತರುಣ ಆ ಪತಿವ್ರತೆಯ ಪಾತ್ರ ಮಾಡಿದ. ಅಷ್ಟು ಪೂಜ್ಯಳಾದ ತಾರಾಮತಿಯ ಪಾತ್ರಕ್ಕೂ ಹೆಣ್ಣು ಸಿಗಲಿಲ್ಲವೆಂದರೆ ತಡೆದದ್ದು ಕಥೆಯ ಕೊಳಕಲ್ಲ. ಬೆಳಕಿನ ಮುಂದೆ ನಿಂತ ಹೆಣ್ಣನ್ನು ಜನ ಏನೆಂದು ಕರೆಯುತ್ತಾರೆ ಎಂಬ ಭಯ ತಡೆಯಿತು. 1934ರಲ್ಲಿ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ಬಂದಾಗ ನಾಯಕಿಯಾಗಿದ್ದವರು ತ್ರಿಪುರಾಂಬ. ಅಷ್ಟು ಹೊತ್ತಿಗೆ ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ಊರೂರಲ್ಲಿ ಹೆಸರು ಮಾಡಿದ್ದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1930ರ ಆಸುಪಾಸಿನಲ್ಲಿ ಮೃಚ್ಛಕಟಿಕದ ಕಥೆಯ ಮೂಕಿ ಚಿತ್ರದಲ್ಲಿ ನಟಿಸಿದರು. ಬಾಲವಿಧವೆಯಾಗಿದ್ದು ಮರುಮದುವೆಯಾದವರು, ಚಳವಳಿಯಲ್ಲಿ ಜೈಲಿಗೆ ಹೋದವರು, ಅವರು ಕ್ಯಾಮೆರಾ ಮುಂದೆ ನಿಂತದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಇಂಥವರು ಬಯ್ಗುಳ ತಿಂದು ತೆರೆದ ಬಾಗಿಲನ್ನು 2020ರ ದಶಕದಲ್ಲಿ ನಾವು ಮತ್ತೆ ಮುಚ್ಚಬೇಕು ಎಂದು ಹಿರಿಯರು ಕೇಳುತ್ತಿದ್ದಾರೆ. ಹೆಣ್ಣಿಲ್ಲದ ರಂಗವನ್ನು ಶುದ್ಧ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಅಶ್ಲೀಲ ಯಾವುದು ಎಂದು ಯಾರೂ ಹೇಳಿಕೊಡಬೇಕಿಲ್ಲ, ಮಾನ ಇದ್ದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ’ ಎಂದರು ಇನ್ನೊಬ್ಬರು. ಇದು ಗಟ್ಟಿಯಾದ ಮಾತಿನಂತೆ ಕೇಳಿಸುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತಿದ್ದ ಒಬ್ಬ ಹೆಣ್ಣುಮಗಳ ಕಥೆ ಹೇಳದೆ ಈ ಮಾತಿಗೆ ಉತ್ತರವಾಗದು.

ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ಮೈಸೂರಿನಲ್ಲಿ ಓದು, ಬೆಂಗಳೂರಿನಲ್ಲಿ ಸಂಗೀತ, ನೃತ್ಯ. ಕನ್ನಡ, ತೆಲುಗು, ಸಂಸ್ಕೃತ ಬಲ್ಲ ವಿದುಷಿ. ಆಮೇಲೆ ಮದರಾಸಿಗೆ ಹೋಗಿ ನೆಲೆಸಿ, ದೊಡ್ಡ ಗಾಯಕಿ ಎನ್ನಿಸಿಕೊಂಡರು. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ಹದಿನೆಂಟನೇ ಶತಮಾನದಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ ಅವರ ಕೈಗೆ ಬಂತು. 1887ರಲ್ಲಿ ಅಚ್ಚಾಗಿದ್ದ ಪ್ರತಿಯಲ್ಲಿ ಕಾವ್ಯದ ಪೀಠಿಕೆಯೇ ಇರಲಿಲ್ಲ. ಮುದ್ದುಪಳನಿ ತನ್ನ ಅಜ್ಜಿ, ಅತ್ತೆಯರ ವಿದ್ವತ್ತನ್ನು ನೆನೆದು ತನ್ನ ವಂಶವನ್ನು ಹೆಂಗಸರ ಕಡೆಯಿಂದ ಹೇಳಿಕೊಂಡ ಭಾಗ ಅದರಲ್ಲಿತ್ತು. ಸಂಪಾದಕರು ಅದನ್ನು ಕಿತ್ತುಹಾಕಿದ್ದರು. ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿ, ಬಿಟ್ಟುಹೋದದ್ದನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣ ಕಾವ್ಯವನ್ನು ಹೊರತಂದರು.

ಮರುವರ್ಷವೇ ಗದ್ದಲ ಎದ್ದಿತು. ಸೂಳೆ ಬರೆದದ್ದನ್ನು ಇನ್ನೊಬ್ಬ ಸೂಳೆ ಅಚ್ಚು ಹಾಕಿಸಿದ್ದಾಳೆ ಎಂಬ ಧಾಟಿಯಲ್ಲಿ ಬರೆದರು. ತೆಲುಗು ನಾಡಿನ ಮಹಾ ಸುಧಾರಕ ಕಂದುಕೂರಿ ವೀರೇಶಲಿಂಗಂ ಅದಕ್ಕೂ ಮುಂಚೆಯೇ, ಹೆಂಗಸಿನ ಬಾಯಲ್ಲಿ ಬರಬಾರದ ಮಾತುಗಳು ಈ ಕಾವ್ಯದಲ್ಲಿವೆ ಎಂದು ಮುದ್ದುಪಳನಿಯನ್ನು ಹೀಗಳೆದಿದ್ದರು. ವಿಧವೆಯರ ಮದುವೆಗಾಗಿ ಇಡೀ ಸಮಾಜವನ್ನು ಎದುರು ಹಾಕಿಕೊಂಡ ಮನುಷ್ಯ ಅವರು. ಅವರ ದೊಡ್ಡತನದಲ್ಲಿ ನನಗೆ ಸಂಶಯವಿಲ್ಲ. ಆದರೆ ನಾಗರತ್ನಮ್ಮ ಅವರಿಗೆ ಕೊಟ್ಟ ಉತ್ತರ ಇವತ್ತಿಗೂ ಸವೆದಿಲ್ಲ. ನಾಚಿಕೆ, ಸಂಕೋಚಗಳು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ ಎಂದು ಅವರು ಕೇಳಿದರು. ವೀರೇಶಲಿಂಗಂ ಅವರೇ ನೋಡಿ ಒಪ್ಪಿಗೆ ಕೊಟ್ಟ, ಗಂಡಸು ಬರೆದ ‘ವೈಜಯಂತೀ ವಿಲಾಸ’ದಲ್ಲಿ ಇದಕ್ಕಿಂತ ಒರಟಾದ ವರ್ಣನೆಗಳಿಲ್ಲವೇ ಎಂದೂ ಕೇಳಿದರು. ಅದಕ್ಕೆ ನೇರ ಉತ್ತರ ಬರಲಿಲ್ಲ, ಪೊಲೀಸರು ಬಂದರು. 1911ರಲ್ಲಿ ಮದರಾಸು ಸರ್ಕಾರ ಪುಸ್ತಕವನ್ನು ಅಶ್ಲೀಲ ಎಂದು ಘೋಷಿಸಿ ಪ್ರತಿಗಳನ್ನು ವಶಪಡಿಸಿಕೊಂಡಿತು. ಮೂವತ್ತಾರು ವರ್ಷ ಆದ ಮೇಲೆ, 1947ರಲ್ಲಿ, ಮದರಾಸಿನ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ ಆ ನಿಷೇಧವನ್ನು ತೆಗೆದರು. 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ಅದೇ ವರ್ಷ ನಾಗರತ್ನಮ್ಮ ತೀರಿಕೊಂಡರು.

ಕಾವ್ಯದ ಒಂದು ಅಕ್ಷರವೂ ಬದಲಾಗಿರಲಿಲ್ಲ. 1911ರಲ್ಲಿ ನೋಡಿದ ಮಾನವಂತರಿಗೆ ಅದು ಕೊಳಕಾಗಿ ಕಂಡಿತು, 1947ರಲ್ಲಿ ನೋಡಿದ ಮಾನವಂತರಿಗೆ ಸಾಹಿತ್ಯವಾಗಿ ಕಂಡಿತು. ‘ನೋಡಿದ ಕೂಡಲೇ ಗೊತ್ತಾಗುತ್ತದೆ’ ಎನ್ನುವವರು ಇವರಿಬ್ಬರಲ್ಲಿ ಯಾರಿಗೆ ಗೊತ್ತಾಗಿತ್ತು ಎಂದು ಹೇಳಬೇಕು. ಇನ್ನೊಂದು ಮಾತು: ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ 1920ರ ದಶಕದಲ್ಲಿ ತಮ್ಮ ದುಡ್ಡಿನಿಂದ ಗುಡಿ ಕಟ್ಟಿಸಿದವರು ಇದೇ ನಾಗರತ್ನಮ್ಮ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಎಂದು ಗಂಡಸರು ತಡೆದರು. ಕಟ್ಟಿಸಿದವಳ ದುಡ್ಡು ಸಲ್ಲುತ್ತದೆ, ಅವಳ ಕಂಠ ಸಲ್ಲುವುದಿಲ್ಲ. ಅವರು ಹೆಂಗಸರದೇ ಬೇರೆ ಗುಂಪು ಕಟ್ಟಿ ಅಲ್ಲೇ ಹಾಡಿಸಿದರು.

ಈಗ ನನ್ನ ಪರ ನಿಂತವರ ಒಂದು ಮಾತಿಗೂ ಉತ್ತರ ಕೊಡಬೇಕಾಗಿದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸಕ್ಕಿರುವ ನಮ್ಮ ಹುಡುಗರು ಹೇಳುವುದು ಹೀಗೆ: ‘ಈ ಮಡಿವಂತಿಕೆಯೆಲ್ಲ ಇಂಗ್ಲಿಷರು ತಂದದ್ದು. ಬೇಲೂರಿನ ಗೋಡೆ ನೋಡಿ, ನಾವು ಹಾಗಿರಲೇ ಇಲ್ಲ.’ ಮಾತು ಅರ್ಧ ನಿಜ. 1860ರ ದಂಡಸಂಹಿತೆಯ 292, 294ನೇ ಕಲಮುಗಳು, 1876ರ ನಾಟಕ ಪ್ರದರ್ಶನ ಕಾಯ್ದೆ, ಇವೆಲ್ಲ ಇಂಗ್ಲಿಷರವೇ. ಯಾವುದು ಅಶ್ಲೀಲ ಎಂದು ಅಳೆಯಲು ನಮ್ಮ ಕೋರ್ಟುಗಳು ಹಿಡಿದದ್ದೂ 1868ರ ಒಂದು ಇಂಗ್ಲಿಷ್ ತೀರ್ಪಿನ ಗಜಕಡ್ಡಿಯನ್ನೇ. ಕೆಟ್ಟುಹೋಗಬಲ್ಲ ದುರ್ಬಲ ಮನಸ್ಸಿನವನ ಕೈಗೆ ಸಿಕ್ಕರೆ ಏನಾದೀತು ಎನ್ನುವುದೇ ಅದರ ಅಳತೆ. ಸುಪ್ರೀಂ ಕೋರ್ಟ್ ಅದನ್ನು ಬಿಟ್ಟು, ಇಂದಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು ಎಂದು ಹೇಳಿದ್ದು 2014ರಲ್ಲಿ.

ಆದರೆ 1893ರಲ್ಲಿ ನಡೆದದ್ದನ್ನೂ ಕೇಳಬೇಕು. ಮದರಾಸಿನ ಹಿಂದೂ ಸಮಾಜ ಸುಧಾರಕರು ವೈಸರಾಯರಿಗೂ ಮದರಾಸಿನ ಗವರ್ನರಿಗೂ ಮನವಿ ಬರೆದು, ದಾಸಿಯರ ಕುಣಿತ ಇರುವ ಔತಣಗಳಿಗೆ ತಾವು ಹೋಗಬಾರದು ಎಂದು ಬೇಡಿಕೊಂಡರು. ತಾವು ನೋಡಿದ ಕುಣಿತಗಳಲ್ಲಿ ಅಸಭ್ಯವಾದದ್ದೇನೂ ಕಾಣಲಿಲ್ಲ ಎಂದು ಹೇಳಿ ಆ ದೊರೆಗಳು ಮನವಿಯನ್ನು ತಳ್ಳಿಹಾಕಿದರು. ಅಶ್ಲೀಲ ಎಂದವರು ನಮ್ಮವರು, ಅಲ್ಲ ಎಂದವರು ಇಂಗ್ಲಿಷರು. ಹಾಗೆಯೇ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ನರ್ತಕಿಯರ ಸೇವೆಯನ್ನೂ ಗೆಜ್ಜೆಪೂಜೆಯನ್ನೂ ನಿಲ್ಲಿಸಿದ್ದು ನಮ್ಮ ಮಹಾರಾಜರ ಸರ್ಕಾರ. ಆ ವಿಷಯದಲ್ಲಿ ಮೈಸೂರು, ಮದರಾಸು ಪ್ರಾಂತ್ಯಕ್ಕಿಂತ ದಶಕಗಟ್ಟಲೆ ಮುಂದಿತ್ತು. ವೈಟ್‌ಫೀಲ್ಡಿನ ಹುಡುಗರಿಗೆ ತಿಳಿದಿರಲಿ ಎಂದು ಹೇಳುತ್ತೇನೆ: ಅವರ ಆಫೀಸಿರುವ ಜಾಗ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಶುರುವಾದದ್ದು. ಕಂಟೋನ್ಮೆಂಟಿನ ಕಡೆ ಗಂಡು ಹೆಣ್ಣು ಸೊಂಟ ಬಳಸಿ ಕುಣಿದರೆ ಅದು ಸಭ್ಯ ಸಂಜೆ, ಪೇಟೆಯವರ ಕಣ್ಣಿಗೆ ಕಣ್ಣೆತ್ತಿ ನೋಡಬಾರದ ದೃಶ್ಯ. ಒಂದೇ ಊರಲ್ಲಿ ಕೆಲವೇ ಮೈಲಿ ಅಂತರದಲ್ಲಿ ಎರಡು ಅಳತೆಗಳಿದ್ದವು. ಎಲ್ಲವನ್ನೂ ಪರಕೀಯರ ತಲೆಗೆ ಕಟ್ಟಿದರೆ ನಮ್ಮ ಕೈಯಾರೆ ಮಾಡಿದ್ದಕ್ಕೆ ನಾವು ಉತ್ತರ ಕೊಡುವುದು ತಪ್ಪಿಹೋಗುತ್ತದೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬಂದದ್ದು ಒಬ್ಬ ಶಿಕ್ಷಕಿಯಿಂದ. ‘ನೀವು ದೇವದಾಸಿ ಪದ್ಧತಿಯ ಪರ ಮಾತಾಡುತ್ತಿದ್ದೀರಿ. ಅದು ಹೆಣ್ಣುಮಕ್ಕಳನ್ನು ಹಾಳು ಮಾಡಿದ ಪದ್ಧತಿ, ನಿಲ್ಲಿಸಿದ್ದು ಸರಿಯಲ್ಲವೇ?’

ಸರಿ. ಇದರಲ್ಲಿ ಎರಡು ಮಾತಿಲ್ಲ. ತಿಳುವಳಿಕೆ ಬಾರದ ಮಗುವಿಗೆ ಮುತ್ತು ಕಟ್ಟಿ ಅವಳ ಇಡೀ ಬಾಳನ್ನು ಯಾರೋ ಬರೆದುಕೊಡುವುದು ಅನ್ಯಾಯ. ಕರ್ನಾಟಕ 1982ರಲ್ಲಿ ಅದರ ವಿರುದ್ಧ ಕಾಯ್ದೆ ಮಾಡಿದ್ದು ನ್ಯಾಯ, ಆ ನಿಷೇಧ ಇನ್ನೂ ಬಿಗಿಯಾಗಿ ಜಾರಿಯಾಗಬೇಕು. ಮದರಾಸಿನಲ್ಲಿ ಇದಕ್ಕಾಗಿ ಹೋರಾಡಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಸ್ವತಃ ದೇವದಾಸಿಯ ಮಗಳು. ನೋವು ಕಂಡು ಮಾತಾಡಿದವರು. ಅವರ ಮಸೂದೆಯನ್ನು ನಾಗರತ್ನಮ್ಮ ಮತ್ತು ಅವರ ಸಂಗಡಿಗರು ವಿರೋಧಿಸಿದರು, ತಮ್ಮನ್ನೆಲ್ಲ ಒಟ್ಟಿಗೆ ವೇಶ್ಯೆಯರು ಎಂದು ಕರೆಯುತ್ತಿದ್ದಾರೆ ಎಂಬುದು ಅವರ ಸಂಕಟ. ಇಬ್ಬರೂ ಹೆಣ್ಣಿನ ಮಾನಕ್ಕಾಗಿಯೇ ಜಗಳಾಡಿದವರು. ಪದ್ಧತಿಯ ವಿಚಾರದಲ್ಲಿ ನಾನು ಮುತ್ತುಲಕ್ಷ್ಮಿಯವರ ಪಕ್ಷ.

ನನ್ನ ತಕರಾರು ಬೇರೆ. ಶೋಷಣೆ ಎಂದು ಹೇಳಿದರೆ ಶೋಷಣೆ ಮಾಡಿದವನನ್ನು ಹಿಡಿಯಬೇಕು, ಅನುಭವಿಸಿದವಳಿಗೆ ಬದುಕು ಕಟ್ಟಿಕೊಡಬೇಕು. ಅಶ್ಲೀಲ ಎಂದು ಹೇಳಿಬಿಟ್ಟರೆ ಅವಳನ್ನು ಕಣ್ಣಮುಂದಿನಿಂದ ತೆಗೆದರೆ ಸಾಕು, ಕೆಲಸ ಮುಗಿಯಿತು. 1909ರ ಆಜ್ಞೆಯ ಕಾಳಜಿ ಬಹುಮಟ್ಟಿಗೆ ದೇವಸ್ಥಾನದ ಪಾವಿತ್ರ್ಯ. ಪೂಜೆ ಉಳಿಯಿತು, ಅರ್ಚಕರು ಉಳಿದರು, ಓಲಗದವರು ಉಳಿದರು. ಕುಣಿಯುತ್ತಿದ್ದ ಹೆಣ್ಣು ಮಾತ್ರ ಹೊರಗೆ ಹೋದಳು. ಅವಳನ್ನು ಇಟ್ಟುಕೊಂಡಿದ್ದ ದೊಡ್ಡಮನುಷ್ಯರನ್ನು ಆ ಆಜ್ಞೆ ಮುಟ್ಟಲಿಲ್ಲ. ‘ಗೆಜ್ಜೆಪೂಜೆ’ ಎಂದರೆ ಇಂದು ನಮಗೆ ನೆನಪಾಗುವುದು ಪುಟ್ಟಣ್ಣ ಕಣಗಾಲರ ಸಿನಿಮಾ. ಎಂ.ಕೆ. ಇಂದಿರಾ ಆ ಕಾದಂಬರಿ ಬರೆಯುವ ಹೊತ್ತಿಗೂ ಆ ಮನೆಗಳ ಹೆಣ್ಣುಮಕ್ಕಳ ಬಾಗಿಲಿಗೆ ಮರ್ಯಾದೆ ಬಂದಿರಲಿಲ್ಲ. ಆಜ್ಞೆ ಹೊರಟು ಅರ್ಧ ಶತಮಾನವೇ ಕಳೆದಿತ್ತು!

ನಮ್ಮ ಸಭೆಯಲ್ಲಿ ಆದದ್ದೂ ಹಾಗೆಯೇ. ಕಲಾವಿದೆಗೆ ತೊಂದರೆಯಾಗುತ್ತಿದೆ, ಅದನ್ನು ತಪ್ಪಿಸೋಣ ಎಂದು ಯಾರೂ ಹೇಳಲಿಲ್ಲ. ಅವಳೇ ಬೇಡ ಎಂದರು.

‘ನಾಗರತ್ನಮ್ಮ, ವಿದುಷಿ, ಶಾಸ್ತ್ರೀಯ ಕಲೆ ಎಂದೆಲ್ಲ ಹೇಳಿ ಇವತ್ತಿನ ಕುಣಿತಕ್ಕೆ ಹೋಲಿಸಬೇಡಿ. ಅದು ಕಲೆ, ಇದು ಕಲೆಯಲ್ಲ’ ಎಂಬ ಮಾತೂ ಬಂತು.

ಅದು ಕಲೆ ಎಂದು ಈಗ ಹೇಳುತ್ತಿದ್ದೀರಿ, ಆಗ ಹೇಳಿರಲಿಲ್ಲ. ಸದಿರು, ದಾಸಿಯಾಟ ಎಂದು ಮೂಗು ಮುರಿದದ್ದನ್ನೇ 1932ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಭರತನಾಟ್ಯ ಎಂದು ಕರೆಯಲು ನಿರ್ಧರಿಸಿತು. 1935ರಲ್ಲಿ ರುಕ್ಮಿಣಿದೇವಿ ಅದನ್ನು ಮೇಲ್ಜಾತಿಯ ಸಭಿಕರ ಮುಂದೆ ಆಡಿದ ಮೇಲೆ ಮನೆತನದವರೆಲ್ಲ ಮಗಳನ್ನು ಕಲಿಯಲು ಕಳಿಸತೊಡಗಿದರು. ನಮ್ಮ ಮೈಸೂರಿನಲ್ಲಿ ಕುಸ್ತಿ ಜಟ್ಟಿಯ ಮಗಳು ಜಟ್ಟಿ ತಾಯಮ್ಮ, ಅವರ ಶಿಷ್ಯೆ, ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮ. 1939ರಲ್ಲಿ ಆಸ್ಥಾನ ವಿದುಷಿಯಾದ ವೆಂಕಟಲಕ್ಷಮ್ಮನವರು ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗವನ್ನು ನಡೆಸಿದರು, 1992ರಲ್ಲಿ ಪದ್ಮಭೂಷಣ ಪಡೆದರು. ಹಣೆ, ಹುಬ್ಬು, ಕಣ್ಣು ಅಲುಗಿಸಿ ಕೂತಲ್ಲೇ ಒಂದು ಪದದ ಭಾವವನ್ನೆಲ್ಲ ತೋರಿಸುತ್ತಿದ್ದ ಅವರ ಅಭಿನಯಕ್ಕೆ ದೊಡ್ಡ ದೊಡ್ಡ ಪಂಡಿತರು ತಲೆಬಾಗಿದರು. ಆ ಪದಗಳು ನಾಯಕನ ಮೇಲೆ ಕೋಪಗೊಂಡ, ನಾಯಕನಿಗಾಗಿ ಕಾದ ಹೆಣ್ಣಿನ ಪದಗಳೇ. ಯಾವ ಶೃಂಗಾರಕ್ಕಾಗಿ ಹಿಂದಿನವರನ್ನು ಹೊರಹಾಕಿದೆವೋ ಅದೇ ಶೃಂಗಾರ.

ಕಲಾವಿದೆಯಾಗಿ ಗೆದ್ದವರೂ ಅವಮಾನವನ್ನು ಹೊತ್ತೇ ಬಂದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಹಾನಗಲ್ ಒಬ್ಬರು. ಹಾಡಿದ ಮೇಲೆ ಊಟದ ಎಲೆ ಎತ್ತಲು ಹೇಳುತ್ತಾರೇನೋ ಎಂಬ ಭಯ ತಮ್ಮನ್ನು ಕಾಡಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹನ್ನೊಂದು ವರ್ಷದ ಮಗು, ದೇಶದ ನಾಯಕರ ಮುಂದೆ ಹಾಡುತ್ತಾ, ಎಂಜಲೆಲೆಯ ಬಗ್ಗೆ ಯೋಚಿಸುತ್ತಿದೆ. ಧಾರವಾಡದ ಬೀದಿಯಲ್ಲಿ ‘ಗಾನೇವಾಲಿ’ ಎಂದು ಅವರನ್ನು ಹಂಗಿಸಿದವರ ಮೊಮ್ಮಕ್ಕಳು ಇಂದು ಅವರ ಹೆಸರಿನ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಸಂತೋಷ. ಆದರೆ ನಮ್ಮೂರ ದ್ರೌಪದಿ ಗಂಗೂಬಾಯಿಯಾಗುವ ತನಕ ಕಾದು ಆಮೇಲೆ ಮರ್ಯಾದೆ ಕೊಡುತ್ತೇವೆ ಎನ್ನುವುದು ನ್ಯಾಯವಲ್ಲ. ಅವಳಿಗೆ ಮರ್ಯಾದೆ ಕಲೆಯ ಮಟ್ಟಕ್ಕಾಗಿ ಸಲ್ಲಬೇಕಾದದ್ದೂ ಅಲ್ಲ, ರಾತ್ರಿಯೆಲ್ಲ ನಿಂತು ದುಡಿಯುವುದಕ್ಕಾಗಿ.

ಆ ದುಡಿಮೆ ಎಂಥದ್ದು ಎಂದು ಆಕ್ಷೇಪಿಸುವವರು ಒಮ್ಮೆ ರಂಗದ ಹಿಂದಕ್ಕೆ ಬಂದು ನೋಡಬೇಕು. ಸಂಜೆ ಐದಾರು ಗಂಟೆಗೆ ಬಸ್ಸಿನಲ್ಲೋ ವ್ಯಾನಿನಲ್ಲೋ ಬರುತ್ತಾರೆ. ಸೀರೆ, ಒಡವೆ, ಚೌರಿ ಎಲ್ಲ ಅವರದೇ ಬ್ಯಾಗಿನಲ್ಲಿ. ಬಣ್ಣದ ಮನೆಯೆಂದರೆ ಮೂರು ಕಡೆ ಶಾಮಿಯಾನದ ಬಟ್ಟೆ, ಒಂದು ಕಡೆ ಸೀನರಿಯ ಹಿಂಭಾಗ. ಸಂದಿಯಲ್ಲಿ ಇಣುಕುವ ಕಣ್ಣುಗಳಿಗೆ ಲೆಕ್ಕವಿಲ್ಲ. ಕನ್ನಡಿಯನ್ನು ಕುರ್ಚಿಗೆ ಒರಗಿಸಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಕಾಡಿಗೆ ಹಚ್ಚಿಕೊಳ್ಳುತ್ತಾರೆ. ನಮ್ಮ ಹುಡುಗರು ತಿಂಗಳುಗಟ್ಟಲೆ ತಾಲೀಮು ಮಾಡಿಯೂ ಮಾತು ಮರೆಯುತ್ತಾರೆ. ಆಗ ಎದುರಿಗೆ ನಿಂತ ದ್ರೌಪದಿಯೇ ಮೆಲ್ಲಗೆ ಮಾತು ಎತ್ತಿಕೊಟ್ಟು, ಶ್ರುತಿ ತಪ್ಪಿದ ಭೀಮನನ್ನು ಶ್ರುತಿಗೆ ತಂದು, ದೃಶ್ಯ ಉಳಿಸುತ್ತಾಳೆ. ನಾಟಕ ಚೆನ್ನಾಯಿತು ಎಂದು ಬೆಳಗ್ಗೆ ನೋಟಿನ ಹಾರ ಬೀಳುವುದು ಭೀಮನ ಕೊರಳಿಗೆ.

ಕೊನೆಯದಾಗಿ, ‘ಹೆಂಗಸರು ಮಕ್ಕಳು ಕೂತು ನೋಡುವ ಜಾಗ. ದ್ವಂದ್ವಾರ್ಥದ ಮಾತು, ಮಧ್ಯೆ ಸಿನಿಮಾ ಹಾಡಿನ ಕುಣಿತ, ಕುಡಿದವರ ಶಿಳ್ಳೆ, ಇದನ್ನೂ ಒಪ್ಪಿಕೊಳ್ಳಬೇಕೇ?’

ಒಪ್ಪಿಕೊಳ್ಳಬೇಡಿ. ಈ ಮಾತಿನಲ್ಲಿ ನಾನು ನಿಮ್ಮ ಜೊತೆ. ಹಾಸ್ಯದ ಹೆಸರಿನಲ್ಲಿ ಬರುವ ಕೊಳಕು ಮಾತು ನನಗೂ ಹಿಡಿಸುವುದಿಲ್ಲ. ಆದರೆ ಆ ಮಾತು ಆಡುವವರು ಬಹುಮಟ್ಟಿಗೆ ಹಾಸ್ಯದ ಪಾತ್ರ ಹಾಕಿದ ನಮ್ಮವರೇ ಗಂಡಸರು. ‘ಹಾಡು ಹಾಕಿ’ ಎಂದು ಕೂಗುವವರು ನಮ್ಮ ಹುಡುಗರು. ರಂಗದ ಅಂಚಿಗೆ ಬಂದು ನೋಟು ತೋರಿಸಿ ಕೈ ಹಿಡಿಯಲು ನೋಡುವವರೂ ಹೊರಗಿನವರಲ್ಲ. ತಪ್ಪು ಮಾಡಿದವರು ಇಲ್ಲೇ ಇರುವಾಗ ಊರಿಗೆ ಬಂದವಳನ್ನು ಬರಬೇಡ ಎನ್ನುವುದು ಎಂಥ ಪರಿಹಾರ? ಸಾರ್ವಜನಿಕ ಜಾಗದಲ್ಲಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ, ಹಾಡಿದರೆ, ಮೂರು ತಿಂಗಳವರೆಗೆ ಸಜೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮು ಹೇಳುತ್ತದೆ. ಆ ಕಲಮು ಶಿಳ್ಳೆ ಹೊಡೆದು ಕೊಳಕು ಮಾತಾಡುವವನಿಗೂ ಅನ್ವಯಿಸುತ್ತದೆ. ಅವನ ಮೇಲೆ ದೂರು ಕೊಡೋಣ ಎಂದು ಸಭೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಹೀಗೆ ಹೆಣ್ಣನ್ನೇ ತೆಗೆದುಹಾಕುವ ಪರಿಹಾರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹತ್ತಿರದ ಉದಾಹರಣೆಯೂ ಇದೆ. ಮಹಾರಾಷ್ಟ್ರ 2005ರಲ್ಲಿ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿತು. ದೊಡ್ಡ ಹೋಟೆಲುಗಳಲ್ಲಿ ನಡೆಯುವ ಕುಣಿತಕ್ಕೆ ಮಾತ್ರ ವಿನಾಯಿತಿ ಇತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಿರಿವಂತರ ಮುಂದೆ ಕುಣಿದರೆ ಸಭ್ಯ, ಬಡವರ ಮುಂದೆ ಕುಣಿದರೆ ಅಸಭ್ಯ ಎನ್ನುವ ಭೇದ ನಿಲ್ಲದು ಎಂದಿತು. ಆ ನಿಷೇಧದಿಂದ 75,000ಕ್ಕೂ ಹೆಚ್ಚು ಹೆಂಗಸರು ಕೆಲಸ ಕಳೆದುಕೊಂಡದ್ದನ್ನು ತೀರ್ಪು ಗಮನಕ್ಕೆ ತಂದುಕೊಂಡಿತು. ಅವರಲ್ಲಿ ಅನೇಕರು ಮತ್ತಷ್ಟು ಕೆಟ್ಟ ಸ್ಥಿತಿಗೆ ಬಿದ್ದರು ಎಂದೂ ಹೇಳಿತು.

ನಮ್ಮ ಸುತ್ತಲೇ ನೋಡಿ. ಎಲೆಕ್ಟ್ರಾನಿಕ್ ಸಿಟಿಯಿಂದ ನಡುರಾತ್ರಿ ಕ್ಯಾಬಿನಲ್ಲಿ ಮನೆಗೆ ಬರುವ ಮಗಳನ್ನು ಇವತ್ತು ಯಾರೂ ಕೆಟ್ಟವಳು ಎನ್ನುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ಸೊಸೆಯ ಸಂಬಳದಲ್ಲಿ ಎಷ್ಟೋ ಮನೆ ನಡೆಯುತ್ತದೆ. ಒಂದು ಕಾಲಕ್ಕೆ ಇವರ ಮೇಲೂ ಬಾಯಿಗೆ ಬಂದಂತೆ ಮಾತಾಡಿದ್ದರು. ಅವರಿಗೆ ಕೊಟ್ಟ ಗೌರವವನ್ನು ರಾತ್ರಿ ಪಾಳಿಯಲ್ಲಿ ದ್ರೌಪದಿಯಾಗುವವಳಿಗೆ ಕೊಡಲು ನಮಗೆ ಏನು ಅಡ್ಡಿ?

ಹಬ್ಬದ ಸಮಿತಿಯ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ನಾಟಕ ಆಡಿಸಿ, ಸ್ತ್ರೀಪಾತ್ರಕ್ಕೆ ಕಲಾವಿದೆಯರನ್ನೇ ಕರೆಸಿ. ಮಾತಾಡಿದ ಹಣವನ್ನು ಬಣ್ಣ ಹಚ್ಚುವ ಮೊದಲೇ ಅವರ ಕೈಗೆ ಕೊಡಿ. ಶಾಮಿಯಾನದ ಸಂದಿಯ ಬದಲು ಶಾಲೆಯ ಒಂದು ಕೋಣೆಯನ್ನು, ಚಿಲಕ ಇರುವ ಬಾಗಿಲು, ದೀಪ, ಶೌಚಾಲಯದ ಸಮೇತ ಬಿಟ್ಟುಕೊಡಿ. ರಂಗದ ಮುಂದೆ ನಮ್ಮೂರ ನಾಲ್ಕು ಜನ ಗಟ್ಟಿಗರನ್ನು ನಿಲ್ಲಿಸಿ, ನೋಟು ಹಿಡಿದು ಬರುವವನನ್ನು ಅವರು ಹಿಂದಕ್ಕೆ ಕಳಿಸಲಿ. ಬೆಳಗ್ಗೆ ಮೊದಲ ಹಾರವನ್ನು ದ್ರೌಪದಿಯ ಪಾತ್ರಧಾರಿಗೆ ಹಾಕಿ, ಊಟ ಮಾಡಿಸಿ, ಬಸ್ಸಿನ ತನಕ ಬಿಟ್ಟು ಬನ್ನಿ. ಇದಕ್ಕೆ ತಗಲುವ ಖರ್ಚಿನಲ್ಲಿ ನನ್ನ ಪಾಲನ್ನು ಈಗಲೇ ಬರೆದುಕೊಳ್ಳಿ.